ಸ್ಟೇರಿಂಗ್ ಒಂದು ಕಡೆ, ಗಾಡಿ ಇನ್ನೊಂದು ಕಡೆ

ಹಳೇ ಪಿಕಪ್ ಓಡಿಸುವವರನ್ನು ದೂರದಿಂದಲೇ ಗುರುತಿಸಬಹುದು. ನೆಟ್ಟಗಿನ ರಸ್ತೆಯಲ್ಲೂ ಅವರ ಎರಡೂ ಕೈ ರಾಗಿ ಬೀಸುವಂತೆ ಆಡುತ್ತಲೇ ಇರುತ್ತವೆ. ಪಕ್ಕದಲ್ಲಿ ಕೂತವರು ಗಾಬರಿಯಾಗಿ ಕೇಳಿದರೆ, "ಏನಿಲ್ಲ ಸಾರ್, ಸ್ವಲ್ಪ ಪ್ಲೇ ಇದೆ, ಅಭ್ಯಾಸ ಆದ್ರೆ ಗೊತ್ತಾಗಲ್ಲ" ಎಂಬ ಉತ್ತರ ರೆಡಿ ಇರುತ್ತದೆ. ನಿಜವೇ. ಓಡಿಸುವವನಿಗೆ ಗೊತ್ತಾಗುವುದಿಲ್ಲ, ಎದುರು ಬರುವ ಬೈಕಿನವನಿಗೆ ಗೊತ್ತಾಗುತ್ತದೆ. ಮನೆಗೆ ಬಂದ ಅಳಿಯ ಒಂದು ದಿನ ಅದೇ ಗಾಡಿ ತೆಗೆದುಕೊಂಡು ಹೋಗಿ, ಬೆವರೊರೆಸಿಕೊಂಡು ಬಂದು ಕೀಲಿಯನ್ನು ಮಾತಿಲ್ಲದೆ ಮೊಳೆಗೆ ನೇತುಹಾಕಿದಾಗಲೇ ಮಾವನವರಿಗೂ ಅನುಮಾನ ಶುರುವಾಗುವುದು.

ಪ್ಲೇ, ಅಂದರೆ ಟೈರು ತಿರುಗದೆ ಸ್ಟೇರಿಂಗ್ ಮಾತ್ರ ಆಡುವ ಸಡಿಲು, ಎಷ್ಟಿದೆ ಎಂದು ಅಳೆಯುವುದು ಸುಲಭ. ಟೈರು ನೆಟ್ಟಗಿರಲಿ. ಸ್ಟೇರಿಂಗ್ ಅಂಚಿಗೆ ಒಂದು ಚೂರು ಇನ್ಸುಲೇಷನ್ ಟೇಪ್ ಅಂಟಿಸಿ, ಟೈರು ಅಲುಗದ ಹಾಗೆ ಆ ಕಡೆ ಈ ಕಡೆ ಎಷ್ಟು ದೂರ ಬರೀ ಸುಮ್ಮನೆ ತಿರುಗುತ್ತದೆ ನೋಡಿ. 25ರಿಂದ 30 ಮಿಲಿಮೀಟರ್ ಒಳಗಿದ್ದರೆ ಹಳೇ ಗಾಡಿಗೆ ಪರವಾಗಿಲ್ಲ. ಅಂಗೈ ಅಗಲವಾದರೆ ಗಾಡಿಯ ಕೆಳಗೆ ಮಲಗುವ ಹೊತ್ತು ಬಂತು ಎಂದರ್ಥ. ಅದಕ್ಕೂ ಮೊದಲು ಕಾಯಿಲೆ ಯಾವುದೆಂದು ಖಚಿತ ಮಾಡಿಕೊಳ್ಳಬೇಕು. ಒಂದೇ ಕಡೆಗೆ ಎಳೆದರೆ ಟೈರಿನ ಗಾಳಿಯನ್ನೋ ಹಿಡಿದುಕೊಂಡ ಬ್ರೇಕನ್ನೋ ನೋಡಬೇಕು. ಒಂದು ವೇಗದಲ್ಲಿ ಮಾತ್ರ ಗಡಗಡ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸಿಂಗ್. ಎಡಕ್ಕೂ ಬಲಕ್ಕೂ ತನಗೆ ತೋಚಿದಂತೆ ಅಲೆದರೆ ಮಾತ್ರ ಈ ಪುರಾಣ ಮುಂದೆ ಓದಿ.

ಅಲೆಯುವ ಗಾಡಿಗೆ ಊರೆಲ್ಲ ಬಲ್ಲ ಔಷಧ ಒಂದೇ: ಸ್ಟೇರಿಂಗ್ ತಿರುಗಿದ್ದನ್ನು ಟೈರಿನ ಕಡೆಗೆ ದಾಟಿಸುವ ಹಲ್ಲಿನ ಪೆಟ್ಟಿಗೆ, ಅಂದರೆ ಸ್ಟೇರಿಂಗ್ ಬಾಕ್ಸಿನ ಮೇಲಿರುವ ಸ್ಕ್ರೂ. ಲಾಕ್ ನಟ್ ಸಡಿಲ ಮಾಡಿ, ಸ್ಕ್ರೂಡ್ರೈವರ್ ಇಟ್ಟು ಅರ್ಧ ಸುತ್ತು ಬಿಗಿ, ಮತ್ತೆ ಲಾಕ್, ಐದು ನಿಮಿಷದ ಕೆಲಸ. ಎಂಟು ವರ್ಷ ದಾಟಿದ ಸರಕು ಗಾಡಿ ಪ್ರತಿ ವರ್ಷ ಎಫ್‌ಸಿಗೆ (ಫಿಟ್‌ನೆಸ್ ಪರೀಕ್ಷೆಗೆ) ಹೋಗಬೇಕಲ್ಲ, ಅದರ ಹಿಂದಿನ ಸಂಜೆ ಈ ಸ್ಕ್ರೂಗೆ ಎಲ್ಲಿಲ್ಲದ ಬೇಡಿಕೆ. ಆದರೆ ಅದು ಇರುವುದು ಒಳಗಿನ ಸೆಕ್ಟರ್ ಶಾಫ್ಟಿನ (ಟೈರಿನ ಕಡೆಯ ದಂಡ) ಹಲ್ಲನ್ನು ವರ್ಮ್ (ಸ್ಟೇರಿಂಗ್ ಕಡೆಯ ಸುರುಳಿ ದಂಡ) ಕಡೆಗೆ ತಳ್ಳಲಿಕ್ಕೆ. ಗಾಡಿ ಹೆಚ್ಚು ಹೊತ್ತು ನೇರ ಓಡುವುದರಿಂದ ಹಲ್ಲು ಸವೆಯುವುದೂ ಮಧ್ಯದಲ್ಲೇ ಹೆಚ್ಚು. ಅಲ್ಲಿನ ಸಡಿಲು ಹೋಗಲಿ ಎಂದು ಬಲವಾಗಿ ಬಿಗಿದರೆ, ಸವೆಯದ ಅಕ್ಕಪಕ್ಕದಲ್ಲಿ ಹಲ್ಲು ಹಲ್ಲು ಕಚ್ಚಿಕೊಳ್ಳುತ್ತವೆ. ತಿರುವಿನಲ್ಲಿ ತಿರುಗಿಸಿದ ಸ್ಟೇರಿಂಗ್ ವಾಪಸು ಬರುವುದಿಲ್ಲ. ಶಿರಾಡಿ ಘಾಟಿಯಲ್ಲಿ ಇದು ಗೊತ್ತಾಗುವುದು ಯಾರಿಗೂ ಬೇಡ. ಹಾಗಾಗಿ ಸ್ಕ್ರೂ ಸರದಿ ಕಟ್ಟಕಡೆಗೆ. ಆಗಲೂ ಟೈರು ನೇರವಿಟ್ಟು, ಒಂದು ಸಲಕ್ಕೆ ಎಂಟನೇ ಒಂದು ಸುತ್ತಷ್ಟೇ ತಿರುಗಿಸಿ, ಪ್ರತಿ ಸಲವೂ ಈ ತುದಿಯಿಂದ ಆ ತುದಿಗೆ ಸ್ಟೇರಿಂಗ್ ತಿರುಗಿಸಿ ನೋಡಬೇಕು. ಎಲ್ಲಾದರೂ ಕಚ್ಚಿದರೆ ಹಿಂದಕ್ಕೆ ಬಿಡಬೇಕು. ಬಾಕ್ಸಿನಲ್ಲಿ ಎಣ್ಣೆ ಇದೆಯೇ ಎಂದೂ ನೋಡಿ. ಎಷ್ಟೋ ಗಾಡಿಯಲ್ಲಿ ಅದು ಸೀಲ್ ದಾಟಿ, ಬಾಕ್ಸಿನಿಂದ ಕೆಳಕ್ಕೆ ಇಳಿಬಿದ್ದ ತೋಳು, ಅಂದರೆ ಡ್ರಾಪ್ ಆರ್ಮ್ ಮೇಲೆ ಇಳಿದು, ಮಣ್ಣು ಹಿಡಿದು ಗಟ್ಟಿಯಾಗಿರುತ್ತದೆ.

ಮೊದಲ ಪರೀಕ್ಷೆಗೆ ಇಬ್ಬರು ಬೇಕು. ಟೈರು ನೆಲದ ಮೇಲೇ ಇರಲಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಗಾಲಿಗೆ ಕಲ್ಲು ಕೊಡಿ, ಪವರ್ ಸ್ಟೇರಿಂಗ್ ಆದರೆ ಇಂಜಿನ್ ಚಾಲೂ ಇರಲಿ. ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಗಡಿಯಾರದ ಹತ್ತರಿಂದ ಎರಡರವರೆಗೆ ಮಾತ್ರ ಬೇಗ ಬೇಗ ಆಡಿಸಬೇಕು, ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದು ಜಾಯಿಂಟನ್ನೂ ಕೈಯಿಂದ ಮುಟ್ಟಿ ನೋಡಬೇಕು. ಒಳಗೆ ಕೂರಲು ಸಿಗುವುದು ಸಾಮಾನ್ಯವಾಗಿ ಮೊಬೈಲ್ ಹಿಡಿದ ಹುಡುಗ.

"ಅಲ್ಲಾಡ್ಸೋ!"

"ಅಲ್ಲಾಡಿಸ್ತಾನೇ ಇದೀನಿ ಮಾಮ!"

"ಸ್ಟೇರಿಂಗ್ ಅಲ್ಲಾಡ್ಸು ಅಂದ್ರೆ ಕಾಲು ಅಲ್ಲಾಡಿಸ್ತಿದೀಯಲ್ಲೋ!"

ಹುಡುಗ ದಾರಿಗೆ ಬಂದ ಮೇಲೆ ಮೇಲಿನಿಂದ ಕೆಳಕ್ಕೆ ಹೋಗಿ. ಸ್ಟೇರಿಂಗಿನಿಂದ ಬಾಕ್ಸಿಗೆ ಇಳಿಯುವ ಕಾಲಮ್‌ನಲ್ಲಿರುವ ಯುಜೆ ಕ್ರಾಸ್ (ದಂಡ ಬಾಗುವ ಕೀಲು) ಮತ್ತು ಅದರ ಕ್ಲಾಂಪ್ ಬೋಲ್ಟ್ ಮೊದಲು. ಕ್ರಾಸಿನ ಈಚೆ ಬದಿ ತಿರುಗಿ ಆಚೆ ಬದಿ ತಡವಾಗಿ ತಿರುಗಿದರೆ ಕಳ್ಳ ಅಲ್ಲೇ ಸಿಕ್ಕ. ನಂತರ ಬಾಕ್ಸು. ಒಳಗಿನ ಹಲ್ಲಿನ ಮೇಲೆ ಎಲ್ಲರಿಗೂ ಸಂಶಯ, ಇಡೀ ಬಾಕ್ಸೇ ಚಾಸಿಯ ಮೇಲೆ ಅಲ್ಲಾಡುತ್ತಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೋಲ್ಟ್ ಬಿಗಿಯಿದ್ದೂ ಅಲ್ಲಾಡಿದರೆ ಚಾಸಿಯಲ್ಲಿ ಬಿರುಕು ಹುಡುಕಿ. ಬಾಕ್ಸಿನ ಸುತ್ತ ತುಕ್ಕಿನ ಕೆಂಪು ಗೆರೆ ಕಂಡರೆ ತಂತಿ ಬ್ರಷ್ಷಿನಿಂದ ಉಜ್ಜಿ ನೋಡಬೇಕು. ಆಮೇಲೆ ಡ್ರಾಪ್ ಆರ್ಮಿನ ನಟ್ಟು, ಅದರಿಂದ ಟೈರಿನ ಕಡೆಗೆ ಹೋಗುವ ಡ್ರ್ಯಾಗ್ ಲಿಂಕಿನ ಎರಡು ತುದಿ, ಮುಂದಿನ ಎರಡು ಗಾಲಿಯನ್ನು ಜೋಡಿಸುವ ಟೈ ರಾಡಿನ ಎರಡು ತುದಿ. ಬಾಲ್ ಇರುವ ಈ ಎಂಡುಗಳು ಅಡ್ಡಕ್ಕೆ ತಿರುಚಿಕೊಂಡರೆ ತೊಂದರೆಯಿಲ್ಲ. ಸಾಕೆಟ್ಟಿನಲ್ಲಿ ಟಕ್ ಎಂದು ಎದ್ದು ಕೂತರೆ ಹೋಯಿತು ಎಂದೇ ಲೆಕ್ಕ. ರಬ್ಬರ್ ಬೂಟು ಹರಿದಿದ್ದರೆ ಇವತ್ತಲ್ಲ ನಾಳೆ.

ಎಂಡ್ ಬಿಚ್ಚುವುದರಲ್ಲಿ ಜನರ ಸ್ವಭಾವ ಹೊರಬರುತ್ತದೆ. ನಟ್ಟು ತೆಗೆದುಬಿಟ್ಟು ಥ್ರೆಡ್ಡಿನ ತಲೆಗೇ ಸುತ್ತಿಗೆ ಬೀಸುವವರು ಬಹಳ. ಎಂಡಿನ ಪಿನ್ನಿನ ತುದಿ ಅಣಬೆಯಂತೆ ಅರಳುತ್ತದೆ, ಎಂಡ್ ಹೊರಗೆ ಬರುವುದಿಲ್ಲ. ಅದು ಕೂತಿರುವುದು ಓರೆ ತೂತಿನಲ್ಲಿ. ನಟ್ಟನ್ನು ಎರಡು ಸುತ್ತಿನಷ್ಟು ಹಾಗೇ ಬಿಟ್ಟು, ಆರ್ಮಿನ ಕಣ್ಣಿಗೆ (ಪಿನ್ನು ಕೂತ ತೂತಿನ ಸುತ್ತಿನ ಕಬ್ಬಿಣಕ್ಕೆ) ಒಂದು ಬದಿ ಭಾರದ ಸುತ್ತಿಗೆ ಒತ್ತಿಹಿಡಿದು, ಎದುರು ಬದಿಯಿಂದ ಇನ್ನೊಂದರಲ್ಲಿ ಒಂದೆರಡು ಸರಿಯಾಗಿ ಕೊಟ್ಟರೆ ತಾನೇ ಕಳಚುತ್ತದೆ. ರಾಡಿನಿಂದ ಹಳೇ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ಬಂತೆಂದು ಎಣಿಸಿ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ನೆನಪಿನಲ್ಲಿ ಇಟ್ಟುಕೊಂಡರೆ ಟೀ ಬರುವ ಹೊತ್ತಿಗೆ ಹದಿನಾರೋ ಹದಿನೆಂಟೋ ಎಂಬ ಚರ್ಚೆ ಗ್ಯಾರಂಟಿ. ಒಂದು ತುದಿ ಎಡ ಮರೆ (ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ಥ್ರೆಡ್), ಇನ್ನೊಂದು ಬಲ ಮರೆ ಎಂಬುದನ್ನು ಅಂಗಡಿಯಲ್ಲೇ ನೋಡಿ ತರಬೇಕು. ಬೆಂಗಳೂರಿನ ಜೆ.ಸಿ. ರಸ್ತೆವರೆಗೆ ಹೋಗಿ ಎರಡೂ ಒಂದೇ ಬದಿಯದು ತಂದವರ ಸಂಖ್ಯೆ ಕಡಿಮೆಯಿಲ್ಲ. ಕೂರಿಸುವಾಗ ಸ್ಪ್ಲಿಟ್ ಪಿನ್ ತೂತು ಸೇರದಿದ್ದರೆ ನಟ್ಟನ್ನು ಮುಂದಕ್ಕೇ ಬಿಗಿಯಬೇಕು, ಹಿಂದಕ್ಕೆ ಬಿಡಬಾರದು.

ಇನ್ನು ಜಾಕ್. ಆಕ್ಸಲ್ ಎತ್ತಿ ಸ್ಟ್ಯಾಂಡ್ ಕೊಟ್ಟು, ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಅಲುಗಿತೇ? ಹುಡುಗನಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಅಲುಗಾಟ ನಿಂತರೆ ವೀಲ್ ಬೇರಿಂಗ್ ಸಡಿಲ, ನಿಲ್ಲದಿದ್ದರೆ ಕಿಂಗ್ ಪಿನ್, ಅಂದರೆ ಮುಂದಿನ ಗಾಲಿ ಎಡಬಲ ತಿರುಗುವ ಗೂಟ. ಬೇರಿಂಗಿನದು ಚಿಕ್ಕ ಕೆಲಸ: ಟೈರು ತಿರುಗಿಸುತ್ತಲೇ ನಟ್ಟು ಬಿಗಿದು ಬೇರಿಂಗ್ ಕೂರಿಸಿ, ಕಾಲು ಸುತ್ತಿನೊಳಗೆ ಹಿಂದಕ್ಕೆ ಬಿಟ್ಟು, ಹೊಸ ಸ್ಪ್ಲಿಟ್ ಪಿನ್ ಹಾಕುವುದು. ಎಂಡಿನ ನಟ್ಟಿಗೆ ಹೇಳಿದ ನಿಯಮ ಇಲ್ಲಿ ತಿರುಗುಮುರುಗು, ಅದಕ್ಕೇ ಒಂದೇ ದಿನ ಎರಡೂ ಕೆಲಸ ಮಾಡುವವರು ಒಂದನ್ನಾದರೂ ಕೆಡಿಸುತ್ತಾರೆ. ಕಿಂಗ್ ಪಿನ್ನಾದರೆ ಪಿನ್ನು, ಬುಶ್ಶು, ಥ್ರಸ್ಟ್ ಬೇರಿಂಗ್ ಇರುವ ಕಿಟ್ ತಂದು, ಬುಶ್ ಹೊಡೆದು, ರೀಮರ್ ಹಾಕಿಸಿ ಬುಶ್ಶಿನ ತೂತನ್ನು ಪಿನ್ನಿನ ಅಳತೆಗೆ ತರಬೇಕು. ಇದು ಲೇತ್ ಅಂಗಡಿಯ ಕೆಲಸ. ಮರಳು ಕಾಗದ ತಿಕ್ಕಿ ಬುಶ್ ದೊಡ್ಡದು ಮಾಡುವ ಉಪಾಯದಿಂದ ಹೊಸ ಪಿನ್ನು ಹಳೇ ಪಿನ್ನಿನಷ್ಟೇ ಸಡಿಲವಾಗಿ ಕೂರುತ್ತದೆ.

ಇಷ್ಟೆಲ್ಲ ಬಿಗಿಯಿದ್ದೂ ಗಾಡಿ ಅಲೆಯುತ್ತದೆಯೇ? ಹಿಂದೆ ಹೋಗಿ ನೋಡಿ, ಲೋಡಿಗೆಂದು ಎಕ್ಸ್‌ಟ್ರಾ ಸ್ಪ್ರಿಂಗ್ ಪ್ಲೇಟು ಹಾಕಿಸಿರುತ್ತಾರೆ. ಖಾಲಿ ಇದ್ದಾಗ ಹಿಂಭಾಗ ಎದ್ದು, ಮೂಗು ಕೆಳಗಾಗಿ, ಕ್ಯಾಸ್ಟರ್ (ಕಿಂಗ್ ಪಿನ್ನಿನ ತಲೆ ಹಿಂದಕ್ಕೆ ವಾಲಿರುವ ಓರೆ) ಕಡಿಮೆಯಾಗುತ್ತದೆ. ಸ್ಟೇರಿಂಗ್ ಬಿಟ್ಟಾಗ ಟೈರು ತಾನಾಗಿ ನೇರಕ್ಕೆ ಬರುವುದು ಈ ಕ್ಯಾಸ್ಟರ್‌ನಿಂದಲೇ. ಲೋಡು ಮಿತಿಮೀರಿ ಹಿಂಬದಿಗೆ ಬಿದ್ದರೆ ಇನ್ನೊಂದು ಕಥೆ: ಮುಂದಿನ ಟೈರಿನ ಮೇಲೆ ಭಾರವೇ ಇಲ್ಲದೆ ಗಾಡಿ ತೇಲುತ್ತದೆ. ಟೊಮೆಟೊ ಕ್ರೇಟನ್ನು ಟೇಲ್‌ಗೇಟ್ ದಾಟಿಸಿ ಪೇರಿಸಿದವರು ಸ್ಟೇರಿಂಗ್ ಮಿಸ್ತ್ರಿಯನ್ನು ಬೈಯುವುದು ಅನ್ಯಾಯ. ಮುಂಭಾಗದ ಸ್ಪ್ರಿಂಗ್ ಪ್ಲೇಟು ಆಕ್ಸಲ್ಲಿನ ಮೇಲೆ ಕೂರುವ ಗಾಡಿಯಲ್ಲಿ ಕ್ಯಾಸ್ಟರ್ ಹೆಚ್ಚಿಸಲು ನಡುವೆ ಓರೆ ಪಟ್ಟಿ ಕೊಡುತ್ತಾರೆ, ದಪ್ಪ ಬದಿ ಹಿಂದಕ್ಕೆ. ತಿರುಗಿ ಹಾಕಿದರೆ ಕಾಯಿಲೆ ಇಮ್ಮಡಿ. ಜೊತೆಗೆ ಎರಡೂ ಬದಿ ಮುಂದಿನ ಗಾಲಿಯ ನಡುವಿನ ಹಬ್ಬಿನಿಂದ ಹಿಂದಿನ ಹಬ್ಬಿಗೆ ಅಳತೆ ಟೇಪ್ ಹಿಡಿಯಿರಿ. ಒಂದು ಬದಿ ಸೆಂಟಿಮೀಟರ್ ಗಿಡ್ಡ ಬಂದರೆ ಸ್ಪ್ರಿಂಗ್ ಪ್ಲೇಟುಗಳ ನಡುವಿನ ಸೆಂಟರ್ ಬೋಲ್ಟ್ ಕಡಿದು ಆಕ್ಸಲ್ ಸರಿದಿದೆಯೇ, ಪ್ಲೇಟನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಸಡಿಲವೇ ಎಂದು ನೋಡಬೇಕು. ಒಂದೇ ಆಕ್ಸಲ್ಲಿಗೆ ಒಂದು ನೈಲಾನ್ ಟೈರು, ಒಂದು ರೇಡಿಯಲ್ ಹಾಕಿದ್ದರೆ ಹುಡುಕಾಟ ಅಲ್ಲೇ ನಿಲ್ಲಿಸಿ. ಆಯುಧಪೂಜೆಗೆ ಎಷ್ಟು ನಿಂಬೆಹಣ್ಣು ತುಳಿಸಿದರೂ ಆ ಜೋಡಿ ಹೊಂದಿಕೊಳ್ಳುವುದಿಲ್ಲ.

ಅಲೈನ್‌ಮೆಂಟ್ ಇದೆಲ್ಲ ಮುಗಿದ ಮೇಲೆ. ಸಡಿಲು ಜಾಯಿಂಟ್ ಇಟ್ಟುಕೊಂಡು ಟೋ ಇನ್ (ಮುಂದಿನ ಟೈರುಗಳು ಮುಂಬದಿಯಲ್ಲಿ ತುಸು ಒಳಕ್ಕೆ ತಿರುಗಿರುವ ಅಳತೆ) ಹಿಡಿಸಿದರೆ, ಬಿಲ್ ಕೈಗೆ ಬರುವಷ್ಟರಲ್ಲಿ ಅಳತೆ ಬದಲಾಗಿರುತ್ತದೆ. ಹೆಚ್ಚಿನ ಹಳೇ ಪಿಕಪ್‌ಗಳಿಗೆ ಈ ಎರಡು ಟೈರುಗಳ ಮುಂಬದಿಯ ಅಂತರ ಹಿಂಬದಿಯದಕ್ಕಿಂತ 1ರಿಂದ 3 ಮಿಲಿಮೀಟರ್ ಕಡಿಮೆ ಸಾಕು. ಹಿಂದೆ ಹೆಚ್ಚಿದ್ದು ಮುಂದೆ ಕಡಿಮೆ, ಇದು ಉಲ್ಟಾ ಆದರೆ ಗಾಡಿ ದಾರಿ ಹುಡುಕುತ್ತದೆ. ಆಮೇಲೆ ಸ್ಟೇರಿಂಗ್ ಕಡ್ಡಿ ಓರೆ ನಿಂತರೆ ಸ್ಟೇರಿಂಗನ್ನೇ ಕಿತ್ತು ನೇರ ಕೂರಿಸಬೇಡಿ. ನೋಡಲು ನೇರವಾಗುತ್ತದೆ, ಆದರೆ ಬಾಕ್ಸಿನ ಮಧ್ಯಭಾಗ ತಪ್ಪಿಹೋಗುತ್ತದೆ. ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಬೇಕು.

ಕೊನೆಗೆ ಗ್ರೀಸ್. ಎಫ್‌ಸಿಗೆಂದು ಚಾಸಿಗೆ ಹೊಡೆದ ಕಪ್ಪು ಬಣ್ಣ ಗ್ರೀಸ್ ತುಂಬುವ ನಿಪ್ಪಲ್ ಬಾಯಿಯನ್ನೂ ಮುಚ್ಚಿರುತ್ತದೆ. ಗನ್ ಒತ್ತಿದರೆ ಗ್ರೀಸು ಪಕ್ಕದಿಂದ ನುಗ್ಗಿ ಅಂಗಿಗೆ ಹಾರುತ್ತದೆ, ಹೊಡೆಯುವವನು "ಫುಲ್ ಆಯ್ತು ಅಣ್ಣ" ಎಂದು ಎದ್ದುಬಿಡುತ್ತಾನೆ. ಮುಚ್ಚಿದ ನಿಪ್ಪಲ್ ಬಿಚ್ಚಿ ಹೊಸದು ಹಾಕಿಸಿ. ಕಿಂಗ್ ಪಿನ್ನಿಗೆ ಹೊಡೆಯುವಾಗ ಆಕ್ಸಲ್ ಜಾಕ್ ಮೇಲಿರಲಿ, ಭಾರ ಇಳಿದರೆ ಗ್ರೀಸು ಥ್ರಸ್ಟ್ ಬೇರಿಂಗಿನವರೆಗೂ ಹೋಗುತ್ತದೆ. ಸಂದಿನಿಂದ ಕರಿ ಗ್ರೀಸು ಹೋಗಿ ಹೊಸ ಬಣ್ಣದ್ದು ಇಣುಕುವವರೆಗೆ ಗನ್ ಕೆಳಗಿಡಬೇಡಿ.