ಮುದುರಿದ ಹಾಳೆ, ಮುದುರಿದ ಕಾರು

ಮೊನ್ನೆ ಎಂಟನೇ ತರಗತಿಯ ಇಂಗ್ಲಿಷ್ ಪಾಠದಲ್ಲಿ ‘ಕ್ರಂಪಲ್’ ಅನ್ನುವ ಪದ ಬಂತು. ಅರ್ಥ ಕೇಳಿದೆ. ಮುಂದಿನ ಬೆಂಚಿನ ಹುಡುಗ ಗೈಡ್ ನೋಡಿ ಬಾಯಿಪಾಠ ಮಾಡಿಕೊಂಡು ಬಂದಿದ್ದ. ‘ಸುಕ್ಕುಗಟ್ಟಿಸು ಸಾರ್’ ಅಂದ. ಹಾಗಂದ್ರೇನಪ್ಪ ಅಂದರೆ ಸುಮ್ಮನಾದ. ರಫ್ ಪುಸ್ತಕದ ಒಂದು ಹಾಳೆ ಹರಿದು, ಅಂಗೈಯಲ್ಲಿ ಅದುಮಿ ಉಂಡೆ ಮಾಡಿ ಮೇಜಿನ ಮೇಲಿಟ್ಟೆ. ಈಗ ನಾನು ಏನು ಮಾಡಿದೆ? ಇಡೀ ಕ್ಲಾಸು ಒಂದೇ ದನಿಯಲ್ಲಿ, ‘ಮುದುರಿದ್ರಿ ಸಾರ್!’

ಪದ ಅವರ ಬಾಯಲ್ಲೇ ಇತ್ತು. ಗೈಡು ಅದನ್ನು ಬಿಟ್ಟು ಯಾರೂ ಮಾತಾಡದ ಪದವೊಂದನ್ನು ಕೊಟ್ಟಿತ್ತು. ಇಪ್ಪತ್ತು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದೇನೆ, ಇದು ನನಗೆ ಪ್ರತಿ ಸಲವೂ ಸಂಕಟ ತರುತ್ತದೆ.

ಸುಕ್ಕು ಬೇರೆ. ಅದು ಅಜ್ಜಿಯ ಕೆನ್ನೆಯ ಮೇಲೆ ನಿಧಾನವಾಗಿ ಬರುವಂಥದ್ದು, ಇಂಗ್ಲಿಷಿನಲ್ಲಿ ರಿಂಕಲ್. ಪ್ಯಾಂಟಿಗೆ ಇಸ್ತ್ರಿಯಲ್ಲಿ ಕೂರಿಸುವ ಗೆರೆ ಕ್ರೀಸ್. ಪತ್ರವನ್ನು ಮಡಚುವುದು ಫೋಲ್ಡ್. ಶುಂಠಿ ಜಜ್ಜುವುದು ಕ್ರಶ್. ಜಜ್ಜಿದ ಶುಂಠಿ ಮತ್ತೆ ಮೊದಲಿನಂತಾಗದು. ಮುದುರಿದ ಹಾಳೆಯನ್ನು ಬಿಡಿಸಿದರೆ ಗೆರೆಗಳು ಉಳಿದರೂ ಬರೆದದ್ದನ್ನು ಓದಬಹುದು. ಕ್ರಂಪಲ್‌ಗೂ ಕ್ರಶ್‌ಗೂ ಇರುವ ಅಂತರ ಇಷ್ಟೇ, ಆದರೆ ಇದನ್ನು ಕೈಯಲ್ಲಿ ಮಾಡಿ ತೋರಿಸದೆ ಹೇಳಿಕೊಡಲು ಆಗುವುದಿಲ್ಲ.

ಪದದ ಬೇರು ನೋಡಿದರೆ ಇನ್ನೂ ಖುಷಿಯಾಗುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಡೊಂಕು, ಬಾಗಿದ್ದು ಅನ್ನುವ ಅರ್ಥದ ‘ಕ್ರಂಪ್’ ಇತ್ತು. ಜರ್ಮನ್ನಿನಲ್ಲಿ ಇವತ್ತಿಗೂ ‘ಕ್ರುಮ್’ ಅಂದರೆ ಡೊಂಕು. ಅದಕ್ಕೆ ಅಂಟಿದ ಕೊನೆಯ ‘ಲ್’ ಒಂದೇ ಕೆಲಸ ಮತ್ತೆ ಮತ್ತೆ ಆಗುವುದನ್ನು ಹೇಳುತ್ತದೆ, ಸ್ಪಾರ್ಕ್ ಹೋಗಿ ಸ್ಪಾರ್ಕಲ್ ಆದ ಹಾಗೆ. ನಾವು ಅದೇ ಕೆಲಸಕ್ಕೆ ಪದವನ್ನೇ ಎರಡು ಸಲ ಆಡುತ್ತೇವೆ: ಬರೆದೂ ಬರೆದೂ, ಮುದುರಿ ಮುದುರಿ.

ಇನ್ನು ಕಾಗದದಾಚೆಯ ಬಳಕೆ. ಬಸ್ಸಿನಲ್ಲಿ ನಿಂತು ಬಂದವನ ಅಂಗಿ ಕ್ರಂಪಲ್ ಆದರೆ ನಮ್ಮಲ್ಲಿ ಅದು ಮುದ್ದೆಯಾಗುತ್ತದೆ. ಕಾಲಿನ ಶಕ್ತಿ ಉಡುಗಿ ಒಬ್ಬ ಕ್ರಂಪಲ್ ಆದರೆ ಕುಸಿದು ಬಿದ್ದ ಅನ್ನುತ್ತೇವೆ. ಮಗುವಿನ ಮುಖ ಕ್ರಂಪಲ್ ಆಗುವ ಗಳಿಗೆ ಮಾತ್ರ ನನಗೆ ಬಹಳ ಇಷ್ಟ. ಇನ್ನೂ ಅಳು ಬಂದಿಲ್ಲ, ತುಟಿ ಸೊಟ್ಟಗಾಗಿದೆ, ಗಲ್ಲ ನಡುಗುತ್ತಿದೆ. ‘ಮುಖ ಕಿವುಚಿತು’ ಅನ್ನಬಹುದೇ? ಅದರಲ್ಲಿ ಅಸಹ್ಯದ ವಾಸನೆ ಇದೆ. ‘ಬಾಡಿತು’ ಅಂದರೆ ತೀರಾ ನಿಧಾನ. ‘ಮುದುಡಿತು’ ಅನ್ನುವುದೇ ಸರಿ. ಮುಟ್ಟಿದರೆ ಮುನಿಯ ಎಲೆಯಂತೆ ಅದು ಕಣ್ಣೆದುರೇ ಆಗಿಬಿಡುತ್ತದೆ.

ನಿಜಕ್ಕೂ ಈ ಬರಹಕ್ಕೆ ಕೂರಿಸಿದ್ದು ಕಾರಿನ ವಿಷಯ. ಡಿಕ್ಕಿಯಾದಾಗ ಮುದುರಲೆಂದೇ ಮಾಡಿದ ಕಾರಿನ ಮುಂದಿನ, ಹಿಂದಿನ ಭಾಗಗಳಿಗೆ ‘ಕ್ರಂಪಲ್ ಜೋನ್’ ಅನ್ನುತ್ತಾರೆ. ಡೈಮ್ಲರ್-ಬೆಂಜ್ ಕಂಪನಿಯ ಎಂಜಿನಿಯರ್ ಬೇಲಾ ಬಾರೆನಿ 1950ರ ದಶಕದ ಆರಂಭದಲ್ಲಿ ಇದಕ್ಕೆ ಪೇಟೆಂಟ್ ಪಡೆದರು. 1959ರಲ್ಲಿ ಬಂದ ಮರ್ಸಿಡಿಸ್ ಕಾರಿನಲ್ಲಿ ಅದು ರಸ್ತೆಗಿಳಿಯಿತು. ಜನ ಕೂರುವ ನಡುವಿನ ಗೂಡು ಗಟ್ಟಿಯಾಗಿರಬೇಕು, ಮುಂದು ಹಿಂದುಗಳು ಡಿಕ್ಕಿಯಾದಾಗ ಮುದುರಬೇಕು ಅನ್ನುವುದು ಅವರ ಲೆಕ್ಕ. ಕ್ರಿಕೆಟ್ ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಅದೇ. ನಿಲ್ಲುವ ದೂರ ಎರಡು ಪಟ್ಟಾದರೆ ಮೈಮೇಲೆ ಬೀಳುವ ಸರಾಸರಿ ಬಲ ಅರ್ಧವಾಗುತ್ತದೆ.

ನಮ್ಮ ಮಾತಿನಲ್ಲಿ ಇದಕ್ಕೆ ಜಾಗವೇ ಇಲ್ಲ. ‘ಹಳೇ ಅಂಬಾಸಿಡರ್ ಗಟ್ಟಿ ಇತ್ತು, ಈಗಿನವೆಲ್ಲ ತಗಡಿನ ಡಬ್ಬ’ ಅನ್ನುವ ಮಾತನ್ನು ಮದುವೆ ಮನೆಯಲ್ಲಿ, ಚಹಾ ಅಂಗಡಿಯಲ್ಲಿ ಎಷ್ಟು ಸಲ ಕೇಳಿದ್ದೇನೆ! ಗಾಡಿ ಸೆಟೆದು ನಿಂತರೆ ಆ ಹೊಡೆತವನ್ನು ಒಳಗೆ ಕೂತವರ ಎದೆ, ಕುತ್ತಿಗೆ ತಿನ್ನುತ್ತವೆ. ನಮ್ಮ ಬಂಧುವೊಬ್ಬರು ಹೊಸ ಕಾರು ತಂದ ವಾರದಲ್ಲೇ ಮುಂದಕ್ಕೆ ದಪ್ಪ ಕಬ್ಬಿಣದ ಗಾರ್ಡ್ ಹಾಕಿಸಿದರು. ಅಂಥ ಗಾರ್ಡ್ ಹಾಕಿಸುವಂತಿಲ್ಲ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಅದು ಮುದುರಬೇಕಾದ ಭಾಗವನ್ನು ಮುದುರಲು ಬಿಡುವುದಿಲ್ಲ, ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ತೆರೆಯದಂತೆಯೂ ಮಾಡಬಹುದು. ಹೊಡೆತ ತಿಂದು ದಾರಿಹೋಕರು ಬದುಕುವ ಸಾಧ್ಯತೆಯನ್ನೂ ಕಡಿಮೆ ಮಾಡುತ್ತದೆ. ಎಷ್ಟು ಹೇಳಿದರೂ ಬಂಧುಗಳು ಒಪ್ಪಲಿಲ್ಲ. ಕೊನೆಗೆ ಎರಡು ಹಾಳೆ ಕೊಟ್ಟೆ. ಒಂದನ್ನು ಮುದುರಿ ಉಂಡೆ ಮಾಡಿಸಿದೆ, ಇನ್ನೊಂದನ್ನು ಮಡಚಿ ಮಡಚಿ ಗಟ್ಟಿ ಕಟ್ಟು ಮಾಡಿಸಿದೆ. ‘ಎರಡನ್ನೂ ಅಂಗೈಯಿಂದ ಗುದ್ದಿ ನೋಡಿ ಅಣ್ಣ’ ಅಂದೆ. ಗುದ್ದಿದರು. ಅಂಗೈ ಉಜ್ಜಿಕೊಂಡು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಪತ್ರಿಕೆಯವರಿಗೂ ಒಂದು ಮನವಿ. ಪ್ರತಿ ಅಪಘಾತಕ್ಕೂ ‘ಕಾರು ನಜ್ಜುಗುಜ್ಜು’ ಅಂತ ಬರೆಯುತ್ತೀರಿ. ಜನರ ಗೂಡೂ ಅಪ್ಪಚ್ಚಿಯಾಗಿದ್ದರೆ ಆ ಪದ ಸರಿ. ಆದರೆ ಬಾನೆಟ್ಟು ಮುದುರಿ, ಒಳಗಿನವರು ಬಾಗಿಲು ತೆಗೆದು ಇಳಿದು ಬಂದಿದ್ದರೆ ‘ಮುಂಭಾಗ ಮುದುರಿದೆ’ ಅಂತ ಬರೆಯಿರಿ. ಆ ಕಾರು ತನ್ನ ಕೆಲಸ ಮಾಡಿದೆ ಅಂತ ಓದುವವರಿಗೆ ಗೊತ್ತಾಗಲಿ.

ನನ್ನ ಕ್ಲಾಸಿನಲ್ಲಿ ಕ್ರಂಪಲ್ ಜೋನ್ ಇನ್ನು ಮೇಲೆ ‘ಮುದುರುಭಾಗ’. ಇದಕ್ಕಿಂತ ಒಳ್ಳೆಯ ಪದ ಹೊಳೆದರೆ ಹೇಳಿ. ಹಾಗೆಯೇ ಧಾರವಾಡ, ಕಲಬುರಗಿ, ಕುಂದಾಪುರ, ಕೊಳ್ಳೇಗಾಲದ ಕಡೆಯವರು ಒಂದು ಕಾಗದವನ್ನು ಕೈಯಲ್ಲಿ ಹೀಗೆ ಮಾಡಿ, ನಿಮ್ಮ ಮನೆಯ ಮಕ್ಕಳನ್ನು ಕೇಳಿ. ಅವರ ಬಾಯಿಗೆ ಮೊದಲು ಬಂದ ಪದ ಯಾವುದೋ ಅದನ್ನೇ ಇಲ್ಲಿ ಬರೆಯಿರಿ, ತಿದ್ದಬೇಡಿ. ಸೋಮವಾರ ಬೋರ್ಡಿನ ಮೇಲೆ ಊರಿನ ಹೆಸರಿನ ಸಮೇತ ಬರೆಯುತ್ತೇನೆ.