ನಾಲ್ಕು ಚೌಕಟ್ಟು, ಒಂದು ಸ್ಕಾರ್ಫು

2022ರ ಹೈಕೋರ್ಟ್ ತೀರ್ಪಿನ ಆಸುಪಾಸಿನಿಂದ ನಮ್ಮಲ್ಲಿ ಹಿಜಾಬ್ ಅಂದರೆ ಕಾಲೇಜು ಗೇಟು, ಟಿವಿ ಚರ್ಚೆ ಅಷ್ಟೇ ಕಣ್ಣಿಗೆ ಬರುತ್ತದೆ. ಅದನ್ನು ತೊಟ್ಟವಳು ಬಸ್ಸು ಹಿಡಿಯುತ್ತಾಳೆ, ಗಂಡನ ಮೇಲೆ ರೇಗುತ್ತಾಳೆ, ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ಹಂದಿಯಿಂದಲೂ ತೆಗೆಯುವ ಜೆಲಾಟಿನ್ ಇದೆಯಾ ಅಂತ ಓದುತ್ತಾಳೆ. ಅಮೆರಿಕದ ಹುದಾ ಫಾಹ್ಮಿ 2017ರಲ್ಲಿ ಇನ್‌ಸ್ಟಾಗ್ರಾಮಿನಲ್ಲಿ ಇಂಥ ಸಂಗತಿಗಳನ್ನೇ ಕಾಮಿಕ್ಸ್ ಮಾಡಿ ಹಾಕತೊಡಗಿದರು. ಮರುವರ್ಷ ಅದು 'ಯೆಸ್, ಐಯಾಮ್ ಹಾಟ್ ಇನ್ ದಿಸ್' ಎಂಬ ಪುಸ್ತಕವಾಯಿತು. ಕನ್ನಡದಲ್ಲಿ ಚಿತ್ರ ಬರೆಯುವವರು ಈ ಬಗೆಯ ಕಾಮಿಕ್ಸನ್ನು ಕೂತು ಕಲಿಯಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಇಲ್ಲಿ ನಗು ಹುಟ್ಟುವುದು ಎದುರಿನವರ ಪ್ರಶ್ನೆಯಿಂದ. "ಈ ಸೆಖೆಗೆ ಬೇಯಲ್ವಾ?" "ಉಪವಾಸದಲ್ಲಿ ನೀರೂ ಕುಡಿಯಲ್ವಾ?" ಪ್ರಶ್ನೆ ಮೊದಲೇ ಗೊತ್ತಿರುವುದರಿಂದ ಅದಕ್ಕೆ ಕಾಮಿಕ್ಸಿನ ಒಂದೇ ಚೌಕಟ್ಟು ಸಾಕು. ಉತ್ತರಕ್ಕೆ ಮುಂಚೆ ಮಾತಿಲ್ಲದ ಒಂದು ಚೌಕಟ್ಟು ಬಿಡಬೇಕು; ಅವಳ ಮುಖವನ್ನಷ್ಟೇ ತೋರಿಸಬೇಕು. ಅದನ್ನು ಬಿಟ್ಟರೆ ಉತ್ತರ ಎಷ್ಟೇ ಚುರುಕಾಗಿದ್ದರೂ ಭಾಷಣವಾಗುತ್ತದೆ. ಕೇಳುವವರನ್ನು ರಾಕ್ಷಸರ ಹಾಗೆ ಬರೆದರೂ ಕೆಟ್ಟಿತು. ಕೇಳುವವಳು ಒಳ್ಳೆಯ ಮನಸ್ಸಿನ ಸಹೋದ್ಯೋಗಿಯೇ ಆಗಿದ್ದಾಗ ಪೇಚಾಟ ಹೆಚ್ಚು, ನಗುವೂ ಹೆಚ್ಚು.

ಕೂದಲು, ಕಿವಿ ಕಾಣದ ಮುಖದಲ್ಲಿ ಹುಬ್ಬು, ಕಣ್ಣು, ಬಾಯಿಯೇ ಎಲ್ಲವನ್ನೂ ಹೇಳಬೇಕು. ಹಾಗಾಗಿ ಹುಬ್ಬು ದಪ್ಪಗಿರಲಿ. ಪಾತ್ರಗಳ ಗುರುತು ಹತ್ತುವುದು ಸ್ಕಾರ್ಫಿನ ಬಣ್ಣದಿಂದ, ಸುತ್ತುವ ರೀತಿಯಿಂದ. ಬಟ್ಟೆಯೂ ಗೊತ್ತಿರಬೇಕು: ಜೆರ್ಸಿ ಬಟ್ಟೆ ಹಿಗ್ಗಿ ತಲೆಗೆ ಕಚ್ಚಿಕೊಳ್ಳುತ್ತದೆ, ಪಿನ್ ಇಲ್ಲದೆಯೂ ನಿಲ್ಲುತ್ತದೆ. ಶಿಫಾನ್ ಜಾರುತ್ತದೆ, ಒಳಗೆ ಟೋಪಿ ಬೇಕು, ಗದ್ದದ ಕೆಳಗೆ ಪಿನ್ ಬೇಕು. ಗಾಳಿಗೆ ಹಾರುವ ದೃಶ್ಯ ಬರೆಯುವುದಾದರೆ ಅದು ಶಿಫಾನೇ ಆಗಿರಬೇಕು. ಗೊತ್ತಿಲ್ಲದವರು ಮಾಡುವ ದೊಡ್ಡ ತಪ್ಪು, ಮನೆಯೊಳಗೆ ಗಂಡನ ಎದುರೂ ಅವಳಿಗೆ ಹಿಜಾಬ್ ತೊಡಿಸುವುದು. ಗಂಡ, ಅಪ್ಪ, ಅಣ್ಣತಮ್ಮ, ಮಕ್ಕಳ ಎದುರು ಅದು ಬೇಕಿಲ್ಲ. ಆದರೆ ಓದುವವರು ಹೊರಗಿನವರು! ಕೂದಲು ತೋರಿಸುವುದೋ ಬೇಡವೋ ಅಂತ ಮೊದಲೇ ತೀರ್ಮಾನಿಸಿ, ತೋರಿಸದಿದ್ದರೆ ಅದಕ್ಕೆ ಕಾರಣವನ್ನು ಓದುಗರಿಗೆ ಒಂದು ಸಾಲಿನಲ್ಲಿ ಹೇಳಿಬಿಡುವುದು ಒಳ್ಳೆಯದು.

ನನ್ನ ಪ್ರಕಾರ ಅತಿ ಹೆಚ್ಚು ಸರಕು ಇರುವುದು ನಮಾಜಿನ ವೇಳಾಪಟ್ಟಿಯಲ್ಲಿ. ಡಿಸೆಂಬರಿನ ಲಂಡನ್ ತೆಗೆದುಕೊಳ್ಳಿ. ಝುಹರ್ ನಮಾಜು ನಡು ಮಧ್ಯಾಹ್ನಕ್ಕೆ, ಅದರ ಮುಂದಿನ ಅಸರ್ 2 ಗಂಟೆಯೊಳಗೆ ಶುರು, ಸೂರ್ಯ ಮುಳುಗುವುದು 4ಕ್ಕೂ ಮುಂಚೆ, ಆಗ ಮಗ್ರಿಬ್. ಮೂರೂ ಆಫೀಸಿನ ಹೊತ್ತಿನಲ್ಲೇ. ಅದಕ್ಕೆ ಮೊದಲು ವುಝೂ, ಅಂದರೆ ನಮಾಜಿಗೆ ಮುಂಚೆ ಮೈ ಶುದ್ಧಿ ಮಾಡಿಕೊಳ್ಳುವುದು: ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ಒದ್ದೆ ಕೈಯಿಂದ ತಲೆ ಸವರಿ, ಕೊನೆಗೆ ಪಾದ. ಆಫೀಸಿನ ವಾಶ್‌ಬೇಸಿನ್ನಿಗೆ ಕಾಲೆತ್ತಿ ಇಟ್ಟಾಗಲೇ ಬಾಗಿಲು ತೆರೆಯಬೇಕು. ಪಾದ ಕೊನೆಯದಾದ್ದರಿಂದ ಆ ಹೊತ್ತಿಗೆ ಅಂಗಿಯ ತೋಳು ಮಡಚಿರುತ್ತದೆ, ಮುಖದಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಒಣ ಮುಖ ಬರೆದರೆ ಗೊತ್ತಿರುವವರು ತಕ್ಷಣ ಹಿಡಿಯುತ್ತಾರೆ. ನಮಾಜಿಗೆ ಮೆಕ್ಕಾದತ್ತ ನಿಲ್ಲುವ ದಿಕ್ಕೂ ಅಷ್ಟೇ: ಅಮೆರಿಕದ ಹ್ಯೂಸ್ಟನ್‌ನಿಂದ ಮೆಕ್ಕಾಕ್ಕೆ ಭೂಗೋಳದ ಮೇಲಿನ ಹತ್ತಿರದ ದಾರಿ ಈಶಾನ್ಯಕ್ಕೆ ಹೋಗುತ್ತದೆ. ಗೋಡೆಯ ನಕ್ಷೆ ನೋಡಿ ಆಗ್ನೇಯಕ್ಕೆ ನಿಲ್ಲಿಸಬೇಡಿ. ರಂಜಾನ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುವುದರಿಂದ ಜೂನಿನಲ್ಲಿ ಬಂದಾಗ ಲಂಡನ್ನಿನ ಉಪವಾಸ 18 ಗಂಟೆ ಮುಟ್ಟುತ್ತದೆ, ಚಳಿಗಾಲದಲ್ಲಿ ತೀರಾ ಚಿಕ್ಕದಾಗುತ್ತದೆ. ಕಥೆಗೆ ತಿಂಗಳು, ಊರು ಗೊತ್ತುಮಾಡದೆ ಸ್ಕ್ರಿಪ್ಟ್ ಬರೆಯಬಾರದು.

ಕನ್ನಡದಲ್ಲಿ ಮಾಡುವವರಿಗೆ ಇನ್ನೊಂದು ಮಾತು. ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಸಾಲುಗಳ ನಡುವೆ ಜಾಗ ಹೆಚ್ಚು ಬಿಡಿ, ಮಾತಿನ ಗುಳ್ಳೆಗೆ ಮೂರು ಸಾಲು ಮೀರದಿರಲಿ.

ಬರೀ ಪ್ರಶ್ನೆ-ಉತ್ತರದ ಜೋಕಿನಲ್ಲೇ ನಿಂತರೆ ಈ ಬಗೆ ಬೇಗ ಬತ್ತುತ್ತದೆ. ಫಾಹ್ಮಿ ಅಲ್ಲಿ ನಿಲ್ಲಲಿಲ್ಲ. 2021ರ 'ಹುದಾ ಎಫ್ ಆರ್ ಯೂ?'ನಲ್ಲಿ ಹುಡುಗಿಯ ಮನೆಯವರು ಡಿಯರ್‌ಬಾರ್ನ್‌ಗೆ ಬರುತ್ತಾರೆ. ಅದು ಮಿಶಿಗನ್‌ನಲ್ಲಿ ಅರಬ್ ಮೂಲದವರು ತುಂಬಿರುವ ಊರು. ಶಾಲೆಯಲ್ಲಿ ಹಿಜಾಬಿನವರು ಬೇಕಾದಷ್ಟು ಜನ. ಇಷ್ಟು ದಿನ 'ಹಿಜಾಬಿನ ಹುಡುಗಿ' ಎಂಬುದೇ ಗುರುತಾಗಿದ್ದವಳಿಗೆ ಈಗ ತಾನು ಯಾರು ಅನ್ನುವುದೇ ತಿಳಿಯದು. ಮುಂದಿನ 'ಹುದಾ ಎಫ್ ಕೇರ್ಸ್?' 2023ರ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡಿನ ಅಂತಿಮ ಪಟ್ಟಿಗೆ ಬಂತು. ಓದುವವರು ಡಿಯರ್‌ಬಾರ್ನ್‌ನ ಪುಸ್ತಕದಿಂದ ಶುರುಮಾಡಿ. ಮೊದಲ ಪುಸ್ತಕದ ಬಿಡಿ ಜೋಕುಗಳು ಆಮೇಲೆ ಇನ್ನೂ ಚೆನ್ನಾಗಿ ಹಿಡಿಸುತ್ತವೆ.