ಮಾವಿನ ತೋಟದ ಬಗ್ಗಿ, ಅತ್ತೆಯ ಕೋಳಿ

ನಮ್ಮ ಕೋಲಾರದ ಕಡೆ ಗಾಡಿ ಎತ್ತಿಡೋಕೆ ಇರೋದು ಒಂದೇ ವಿಧಾನ. ಶೆಡ್ಡಿಗೆ ತಳ್ಳು, ಟಾರ್ಪಾಲ್ ಹೊದಿಸು, ಮರೆತುಬಿಡು. ಟಿಲ್ಲರ್ರು, ಔಷಧಿ ಹೊಡೆಯೋ ಪಂಪು, ಹಳೇ ಮೊಪೆಡ್ಡು, ಎಲ್ಲಕ್ಕೂ ಇದೇ ಮರ್ಯಾದೆ. ಬೇಕಾದಾಗ ಟಾರ್ಪಾಲ್ ತೆಗೆದು ನಾಲ್ಕು ಒದೆ ಕೊಟ್ಟರೆ ಗೊಣಗುತ್ತಾ ಆದರೂ ಎದ್ದೇಳುತ್ತವೆ. ಇದೇ ಧೈರ್ಯದ ಮೇಲೆ, ಶ್ರೀನಿವಾಸಪುರದ ಹತ್ತಿರ ಮಾವಿನ ತೋಟ ಇರುವ ನನ್ನ ಸೋದರಮಾವ ಒಂದು ಗಾಲ್ಫ್ ಕಾರ್ಟ್ ತಂದರು, ಅಂದರೆ ಗಾಲ್ಫ್ ಮೈದಾನದಲ್ಲಿ ಓಡಾಡೋ ಪುಟ್ಟ ಬ್ಯಾಟರಿ ಬಗ್ಗಿ.

ಗಾಲ್ಫಿಗೂ ಮಾವನಿಗೂ ಯಾವ ಸಂಬಂಧವೂ ಇಲ್ಲ. ಸಂಬಂಧ ಇರೋದು ಮಂಡಿ ನೋವಿಗೆ. ನಂದಿ ಬೆಟ್ಟದ ಕಡೆ ಯಾವುದೋ ರೆಸಾರ್ಟಿನವರು ಹಳೇ ಬ್ಯಾಟರಿ ಬಗ್ಗಿಗಳನ್ನು ಮಾರುತ್ತಿದ್ದಾರೆ ಅಂತ ಯಾರೋ ಹೇಳಿದರು. ಸಂಜೆ ಹೊತ್ತಿಗೆ ಅದು ಲಗೇಜ್ ಆಟೋ ಮೇಲೆ ಕೂತು ಊರಿಗೆ ಬಂತು. ಮೈಸೂರಿಗೆ ಶಾಲೆ ಟೂರ್ ಹೋಗಿ ಬಂದಿದ್ದ ಮಕ್ಕಳು ಅದಕ್ಕೆ 'ಜೂ ಗಾಡಿ' ಅಂತ ಹೆಸರಿಟ್ಟರು. ಬಾದಾಮಿ ಶುರುವಾದಾಗಿನಿಂದ ತೋತಾಪುರಿ ಮುಗಿಯೋವರೆಗೂ ಮಾವ ಅದರಲ್ಲೇ ತೋಟ ಸುತ್ತಿದರು. ಜುಲೈನಲ್ಲಿ ಕೊನೇ ಲೋಡು ಪಲ್ಪ್ ಫ್ಯಾಕ್ಟರಿಗೆ ಹೋಯಿತು. ಬಗ್ಗಿ ಶೆಡ್ಡಿಗೆ ಹೋಯಿತು. ಮೇಲೆ ಟಾರ್ಪಾಲು. ಮತ್ತೆ ನೆನಪಾಗಿದ್ದು ಯುಗಾದಿ ಹೊತ್ತಿಗೆ.

ಗಾಡಿ ಜೊತೆ ಒಂದು ಪುಸ್ತಕವೂ ಬಂದಿತ್ತು. ತಿಂಗಳುಗಟ್ಟಲೆ ಎತ್ತಿಡೋದು ಹೇಗೆ ಅಂತ ಅದರಲ್ಲಿ ಒಂದು ಅಧ್ಯಾಯವೇ ಇದೆ. ಆದರೆ ಶುರುವಿನಲ್ಲೇ ಹಿಮದ ಮಾತು. ಚಾರ್ಜ್ ಇಳಿದ ಬ್ಯಾಟರಿ ಚಳಿಗೆ ಒಳಗೇ ಹೆಪ್ಪುಗಟ್ಟಿ ಒಡೆಯಬಹುದು, ಫುಲ್ ಚಾರ್ಜ್ ಇದ್ದರೆ ಮೈನಸ್ 50 ಡಿಗ್ರಿಗೂ ಜಗ್ಗಲ್ಲ ಅಂತ. ನಾನು ಓದಿ ಹೇಳಿದೆ. ಮಾವ ನಕ್ಕರು. "ಇದು ನಮ್ಮೂರಿಗಲ್ಲ ಬಿಡು. ನಮ್ಗೆ ಧನುರ್ಮಾಸದಲ್ಲಿ ಒಂದು ಮಂಕಿ ಕ್ಯಾಪ್ ಹಾಕಿದ್ರೆ ಚಳಿ ಮುಗೀತು."

ಅವರು ಪುಸ್ತಕ ಮುಚ್ಚಿದ್ದು ಸರಿಯಾಗಿ ಬೇಕಾದ ಪುಟ ಬರೋ ಮುಂಚೆ. ಸೀಸದ ಬ್ಯಾಟರಿಗೆ ನಮ್ಮ ಕಡೆ ಚಳಿ ಏನೂ ಮಾಡಲ್ಲ, ಮಾಡೋದೆಲ್ಲ ಬಿಸಿಲು. ಸುಮ್ನೆ ನಿಂತಿದ್ದರೂ ತಿಂಗಳಿಗೆ ನೂರಕ್ಕೆ ಐದರಷ್ಟೋ, ಅದಕ್ಕಿಂತ ಜಾಸ್ತಿಯೋ ಚಾರ್ಜ್ ತಾನಾಗೇ ಇಳಿಯುತ್ತೆ. ಕಾವು 10 ಡಿಗ್ರಿ ಏರಿದರೆ ಇಳಿಯೋ ವೇಗ ಹೆಚ್ಚುಕಡಿಮೆ ಎರಡರಷ್ಟು. ಮಾವನ ಶೆಡ್ಡಿಗೋ ತಗಡಿನ ಶೀಟು. ಸಾಲದ್ದಕ್ಕೆ ಸೀಟಿನ ಕೆಳಗೊಂದು ಸ್ವಿಚ್ಚಿದೆ. ಒಂದು ಕಡೆ ಒತ್ತಿದರೆ ಗಾಡಿ ಓಡಿಸಬಹುದು, ಇನ್ನೊಂದು ಕಡೆ ಒತ್ತಿದರೆ ಹಗ್ಗ ಕಟ್ಟಿ ಎಳೆಯಬಹುದು. ಎತ್ತಿಡುವಾಗ ಎಳೆಯೋ ಕಡೆಗೇ ಹಾಕಿಡಬೇಕು. ಇಲ್ಲದಿದ್ದರೆ ಕೀ ತೆಗೆದರೂ ಮೋಟರಿಗೆ ಕರೆಂಟ್ ಬಿಡೋ ಒಳಗಿನ ಕಂಟ್ರೋಲರ್ ಸದ್ದಿಲ್ಲದೆ ಕರೆಂಟ್ ಹೀರುತ್ತಿರುತ್ತದೆ. "ಯಾರೂ ಎಳೀತಿಲ್ವಲ್ಲ, ಯಾಕೆ?" ಅಂತ ಮಾವ ಅದನ್ನು ಮುಟ್ಟಿರಲಿಲ್ಲ.

ಯುಗಾದಿ ಆದ ಮೇಲೆ ಟಾರ್ಪಾಲ್ ಎತ್ತಿದರೆ, ಸೀಟಿನ ಮೇಲೆ ಅತ್ತೆಯ ನಾಟಿ ಕೋಳಿ ಕಾವಿಗೆ ಕೂತಿದೆ! ಬ್ಯಾಟರಿಗಳೆಲ್ಲ ಇರೋದು ಆ ಸೀಟಿನ ಕೆಳಗೇ.

"ರೀ, ಅದನ್ನ ಮುಟ್ಟಬೇಡಿ," ಅತ್ತೆ ಅಂಗಳದಿಂದಲೇ ಕೂಗಿದರು.

"ಬ್ಯಾಟರಿ ನೋಡ್ಬೇಕು ಕಣೇ."

"ಬ್ಯಾಟರಿ ಎಲ್ಲಿಗೆ ಓಡಿಹೋಗುತ್ತೆ? ಮರಿ ಆಗ್ಲಿ, ಆಮೇಲೆ ನೋಡಿ."

ಕೋಳಿಮೊಟ್ಟೆ ಮರಿಯಾಗೋಕೆ 21 ದಿನ ಬೇಕು. ಇದು ಯಾವತ್ತು ಕೂತಿತೋ ಯಾರಿಗೆ ಗೊತ್ತು? ಮಾವ ಬೆಳಿಗ್ಗೆ ಕಾಫಿ ಲೋಟ ಹಿಡಿದು ಶೆಡ್ಡಿಗೆ ಹೋಗಿ ಕೋಳಿಯನ್ನು ದುರುಗುಟ್ಟಿ ನೋಡೋರು. ಕೋಳಿ ಕತ್ತು ಓರೆ ಮಾಡಿ ಅವರನ್ನು ನೋಡೋದು. ಒಂದು ದಿನ ತಾಳ್ಮೆ ಕೆಟ್ಟು ಸೀಟಿನ ಅಂಚಿಗೆ ಕೈ ಹಾಕಿದರು. ಆವತ್ತಿಡೀ ಹೆಬ್ಬೆರಳಿಗೆ ಅರಿಶಿನ ಮೆತ್ತಿಕೊಂಡು ಓಡಾಡಿದರು.

ಅಂತೂ ಮರಿಗಳು ಇಳಿದವು. ಮಾವ ಚಾರ್ಜರ್ ಸಿಕ್ಕಿಸಿದರು. ಸದ್ದಿಲ್ಲ, ಲೈಟಿಲ್ಲ. ನಮ್ಮ ಕಡೆ ಮೊದಲ ಅನುಮಾನ ಯಾವಾಗಲೂ ಕರೆಂಟಿನ ಮೇಲೇ. ಅತ್ತೆ ಮಿಕ್ಸಿ ತಂದು ಅದೇ ಪ್ಲಗ್ಗಿಗೆ ಹಾಕಿದರು. ಶೆಡ್ಡಿನಲ್ಲೇ ಚಟ್ನಿ ಆಯಿತು. ಕೊನೆಗೆ ಕೋಲಾರದಿಂದ ಬ್ಯಾಟರಿ ಅಂಗಡಿ ಹುಡುಗನನ್ನು ಕರೆಸಿದರು.

"ಸಾರ್, ಈ ಚಾರ್ಜರ್ ಮೊದ್ಲು ಬ್ಯಾಟರೀಲಿ ವೋಲ್ಟೇಜ್ ಎಷ್ಟಿದೆ ನೋಡುತ್ತೆ. ತೀರಾ ಕಮ್ಮಿ ಇದ್ರೆ ಬ್ಯಾಟರಿನೇ ಇಲ್ಲ ಅಂದ್ಕೊಂಡು ಸುಮ್ನಾಗುತ್ತೆ."

"ಅಂದ್ರೆ ಚಾರ್ಜ್ ಇದ್ರೆ ಮಾತ್ರ ಚಾರ್ಜ್ ಮಾಡುತ್ತೆ?"

"ಹೂಂ ಸಾರ್."

"ಚಾರ್ಜ್ ಇದ್ರೆ ನಾನ್ಯಾಕಪ್ಪಾ ಚಾರ್ಜ್‌ಗೆ ಹಾಕ್ಲಿ?"

ಹುಡುಗ ಇದಕ್ಕೆ ಉತ್ತರ ಕೊಡದೆ ಸೀಟು ಎತ್ತಿದ. 8 ವೋಲ್ಟಿನ ಆರು ಬ್ಯಾಟರಿ, ಒಟ್ಟು 48 ವೋಲ್ಟು. ಒಂದೊಂದಕ್ಕೆ ನಾಲ್ಕು ಮುಚ್ಚಳ. ಟರ್ಮಿನಲ್ ಸುತ್ತ ಹಸಿರು ಬಿಳಿ ಪುಡಿ ಉಕ್ಕಿತ್ತು. ಒಂದು ಮುಚ್ಚಳ ತಿರುಗಿಸಿ ಟಾರ್ಚ್ ಬಿಟ್ಟ. ನೀರಿಳಿದು, ಒಳಗಿನ ಸೀಸದ ಪ್ಲೇಟುಗಳ ತಲೆ ಒಣಗಿ ಬೆಳ್ಳಗಾಗಿತ್ತು.

"ಏನು ನೀರು ಹಾಕ್ತಿದ್ರಿ?"

"ಒಳ್ಳೇ ನೀರೇ. ಶುದ್ಧ ನೀರಿನ ಘಟಕದಿಂದ ಕಾಯಿನ್ ಹಾಕಿ ತಂದಿದ್ದು."

"ಡಿಸ್ಟಿಲ್ಡ್ ವಾಟರ್ ಹಾಕ್ಬೇಕು ಸಾರ್. ಫಿಲ್ಟರ್ ಮಾಡಿದ್ರೂ ಅದ್ರಲ್ಲಿ ಸ್ವಲ್ಪ ಉಪ್ಪಿನಂಶ ಉಳಿದಿರುತ್ತೆ."

"ಮನುಷ್ಯರು ಕುಡಿಯೋ ನೀರು ಬ್ಯಾಟರಿಗೆ ಆಗಲ್ವಾ?"

"ಬ್ಯಾಟರಿ ನಮ್ಮಷ್ಟು ಗಟ್ಟಿ ಇಲ್ಲ ಸಾರ್."

ಫ್ಲೋರೈಡ್ ನೀರು ಕುಡಿದು ಬೆಳೆದ ಜಿಲ್ಲೆ ನಮ್ಮದು. ಮಾವ ಇದನ್ನು ಹೊಗಳಿಕೆ ಅಂತಲೇ ತಗೊಂಡರು.

ಖಾಲಿಯಾದ ಬ್ಯಾಟರಿ ಹಾಗೇ ನಿಂತರೆ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಗಟ್ಟಿಯಾದ ಮೇಲೆ ಅದು ಮತ್ತೆ ಕರಗೋದು ಕಷ್ಟ. ಹುಡುಗ ತಲಾ ಸುಮಾರು 28 ಕೆಜಿ ತೂಗುವ ಬ್ಯಾಟರಿಗಳನ್ನು ಒಂದೊಂದಾಗಿ ಎತ್ತಿ ಅಂಗಡಿಗೆ ಒಯ್ದು, ನಿಧಾನಕ್ಕೆ ಚಾರ್ಜ್ ಕೊಟ್ಟ. ಒಂದು ಮಾತ್ರ ಏಳಲಿಲ್ಲ. ಮಾವ ಅದೊಂದನ್ನು ಹೊಸದು ಹಾಕು ಅಂದರು. ಹುಡುಗ ಒಪ್ಪಲಿಲ್ಲ. "ನೊಗಕ್ಕೆ ಮುದಿ ಎತ್ತಿನ ಜೊತೆ ಎಳೇ ಹೋರಿ ಕಟ್ಟಿದ್ರೆ ಹೋರೀನೂ ಕೆಡುತ್ತೆ ಸಾರ್." ಅದೇ ವಯಸ್ಸಿನ ಹಳೇದೊಂದನ್ನು ಎಲ್ಲಿಂದಲೋ ಹುಡುಕಿ ತಂದು ಹಾಕಿದ.

ಕೀ ತಿರುಗಿಸಿ ಪೆಡಲ್ ಒತ್ತಿದರೆ ಗುಂಯ್ ಅಂತ ಸದ್ದು, ಗಾಡಿ ಮಾತ್ರ ಅಲ್ಲಾಡಲಿಲ್ಲ. ಕಳ್ಳರ ಭಯಕ್ಕೆ ಮಾವ ಪಾರ್ಕಿಂಗ್ ಬ್ರೇಕ್ ಹಾಕಿ, ಮೇಲೆ ನಾಲ್ಕು ಚಕ್ರಕ್ಕೂ ಕಲ್ಲು ಕೊಟ್ಟಿದ್ದರು. ಕಲ್ಲಷ್ಟೇ ಸಾಕಾಗಿತ್ತು. ಬ್ರೇಕ್ ಶೂ ಡ್ರಮ್ಮಿಗೆ ಕಚ್ಚಿಕೊಂಡು ಕೂತಿತ್ತು. ಸುತ್ತಿಗೆ ಏಟು ಬಿದ್ದ ಮೇಲೆ ಬಿಟ್ಟಿತು. ಟೈರುಗಳು ನಿಂತ ಕಡೆ ಚಪ್ಪಟೆಯಾಗಿದ್ದರಿಂದ ಆ ಸೀಸನ್ ಪೂರ್ತಿ ಮಾವ ದಡ ದಡ ಅಂತ ಕುಲುಕುತ್ತಲೇ ತೋಟ ಸುತ್ತಿದರು.

ಹುಡುಗ ಹೋಗುವಾಗ ಹೇಳಿದ್ದು ಇಷ್ಟು. ಎತ್ತಿಡೋ ಮುಂಚೆ ಫುಲ್ ಚಾರ್ಜ್ ಮಾಡಿ, ಆಮೇಲೆ ತಿಂಗಳಿಗೊಂದು ಸಲ ಮರೀದೆ ಚಾರ್ಜ್ ಹಾಕಿ. ತಿಂಗಳಿಗೊಂದು ಸಲ ನೆನಪಿಟ್ಟುಕೊಳ್ಳೋರು ಯಾರು? ದಾರಿ ತೋರಿಸಿದ್ದು ಅತ್ತೆ. "ಅಮಾವಾಸ್ಯೆಗೆ ಹೇಗೂ ಗಾಡಿಗಳಿಗೆ ಪೂಜೆ ಮಾಡ್ತೀವಲ್ಲ, ಅವತ್ತೇ ಹಾಕಿದ್ರಾಯ್ತು." ಇಡೀ ಪುಸ್ತಕದಲ್ಲಿ ಇಷ್ಟು ಒಳ್ಳೇ ಉಪಾಯ ಇಲ್ಲ.

ಭೀಮನ ಅಮಾವಾಸ್ಯೆಗೆ ಶುರುವಾಯಿತು. ಮೊದಲು ಮಾವನ ಪಾದಪೂಜೆ. ಆಮೇಲೆ ಬಗ್ಗಿ. ಮಾವ ಉತ್ಸಾಹದಲ್ಲಿ ಬೆಳಿಗ್ಗೆಯೇ ಚಾರ್ಜರ್ ಹಾಕಿ, ಫೋನ್ ಸ್ಪೀಕರಿಗೆ ಹಾಕಿ ಹುಡುಗನಿಗೆ ವರದಿ ಕೊಡುತ್ತಿದ್ದರು. ಅತ್ತೆ ತಟ್ಟೆ ಹಿಡಿದು ಬಂದು "ರೀ, ಕರ್ಪೂರ ಹಚ್ತೀನಿ, ಸರೀರಿ" ಅಂದರು. ಫೋನಿನಿಂದ ಹುಡುಗ ಕಿರುಚಿದ. "ಅಮ್ಮಾ, ಬೇಡಾ! ಚಾರ್ಜ್ ಆಗ್ವಾಗ ಹೈಡ್ರೋಜನ್ ಗ್ಯಾಸ್ ಬರುತ್ತೆ! ಬೆಂಕಿ ತೋರಿಸ್ಬೇಡಿ, ಶೆಡ್ ಬಾಗಿಲು ತೆಗೀರಿ!"

ಈಗ ಕ್ರಮ ಬದಲಾಗಿದೆ. ಮೊದಲು ಮಂಗಳಾರತಿ, ಆಮೇಲೆ ಪ್ಲಗ್ಗು. ನಾಲ್ಕು ಚಕ್ರದಡಿ ನಿಂಬೆಹಣ್ಣು ಇಟ್ಟು ಗಾಡಿ ಮುಂದಕ್ಕೆ ಬಿಡೋದರಿಂದ ಟೈರು ಒಂದೇ ಕಡೆ ಕೂತು ಚಪ್ಪಟೆಯಾಗೋದೂ ನಿಂತಿದೆ. ಅತ್ತೆಗೆ ಉಳಿದಿರೋದು ಒಂದೇ ಅನುಮಾನ. ಪ್ಲಗ್ ಹಾಕಬೇಕಾದ್ದು ರಾಹುಕಾಲಕ್ಕೆ ಮುಂಚೆಯೋ, ಕಳೆದ ಮೇಲೋ? ಹುಡುಗನಿಗೆ ಫೋನ್ ಮಾಡಿ ಕೇಳಿದ್ದಾರೆ. ಅವನು ಓನರನ್ನು ಕೇಳಿ ಹೇಳ್ತೀನಿ ಅಂದಿದ್ದಾನೆ.